ಹಾಳೆಯ ಗ್ಯಾಸ್ಕೆಟ್ಟು

ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಏಲಂ ಹಾಕಿದ ಜೀಪೊಂದು ಕೈಯಿಂದ ಕೈಗೆ ದಾಟಿ ನನ್ನ ತಮ್ಮನಿಗೆ ಸಿಕ್ಕಿತ್ತು. ದೇಲಂಪಾಡಿಯ ನಮ್ಮ ಕಡೆ ಮಳೆ ಹಿಡಿದರೆ ಬಸ್ಸಿಲ್ಲ. ಕೆಸರಿನ ಏರು ಹತ್ತುವ ವಾಹನ ಅದೊಂದೇ. ಆ ವರ್ಷ ಅದೂ ಕೊಟ್ಟಿಗೆಯ ಬದಿಯಲ್ಲಿ ನಿಂತುಬಿಟ್ಟಿತು. ಸ್ಟಾರ್ಟ್ ಮಾಡಿದರೆ ಕಪ್ಪು ಹೊಗೆ, ಏರು ಸಿಕ್ಕಿದರೆ ಕೆಮ್ಮು. ಕೆಟ್ಟದ್ದು ಕಾರ್ಬುರೇಟರ್, ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನಿಗೆ ಉಣಿಸುವುದು ಅದೇ ಎಂದು ತಮ್ಮ ನನಗೆ ಹೇಳಿದ.

ಮಂಗಳೂರಿನಿಂದ ತರಿಸಿದ ರಿಪೇರಿ ಸಾಮಾನು ಯಾವುದೂ ಅದಕ್ಕೆ ಕೂರಲಿಲ್ಲ. ಅಂಟುವಾಳದ ನೀರಿನಲ್ಲಿ ನಾನು ಅದರ ಮಸಿ ತಿಕ್ಕಿದಾಗ ಮೈಮೇಲೆ ಎರಕದ ಅಕ್ಷರಗಳು ಕಾಣಿಸಿದವು. ಜೀಪಿನ ಪುಸ್ತಕದ ಚಿತ್ರದಲ್ಲಿದ್ದ ಅಕ್ಷರಗಳೇ ಬೇರೆ.

“ಅಕ್ಕ, ಇದು ಜೀಪಿನದ್ದೇ ಅಲ್ಲ. ಯಾರೋ ಯಾವುದೋ ಕಾರಿನದ್ದು ತಂದು ಕೂರಿಸಿದ್ದಾರೆ.”

“ಹಾಗಾದರೆ ಇಷ್ಟು ದಿನ ಓಡಿದ್ದು ಹೇಗೆ?”

“ಅದು ಜೀಪಿಗೂ ಗೊತ್ತಿರಲಿಲ್ಲ, ಕಾಣ್ತದೆ.”

ಆ ಸಂಜೆ ಮೀಂಜದಿಂದ ಆಳು ಬಂದ. ಅಲ್ಲಿ ನೆಲೆಸಿದ್ದ ನಮ್ಮ ಸೋದರಮಾವನಿಗೆ ಕಾಯಿಲೆ ಕೈಮೀರಿತ್ತು. ಅಮ್ಮನಿಗೆ ಒಡಹುಟ್ಟಿದವರೆಂದು ಉಳಿದದ್ದು ಅವರೊಬ್ಬರೇ. ತನ್ನ ಅಕ್ಕನೇ ಬಂದು ಬಾಯಿಗೆ ನೀರು ಬಿಡಬೇಕು ಎಂದು ಹೇಳಿ ಕಳಿಸಿದ್ದರು. ಅಮ್ಮ ಅಳಲಿಲ್ಲ. ಸೀರೆ ಬದಲಿಸಿ ಬಂದು ಜಗಲಿಯಲ್ಲಿ ಕುಳಿತರು.

“ಅದು ಬೇರೆ ಕಾರಿನದ್ದಾದರೆ ಎಂತ, ಓಡಿದರಾಯಿತಲ್ಲ ಮಗಾ?”

ತಮ್ಮ ಅದನ್ನೇ ಬಿಚ್ಚಿ ತೊಳೆಯಲು ಕುಳಿತ. ಬಿಚ್ಚಿದ ಸ್ಕ್ರೂಗಳನ್ನು ನಾನು ಹಿತ್ತಾಳೆ ಹರಿವಾಣದಲ್ಲಿ ಸಾಲಾಗಿ ಇಡುತ್ತ ಹೋದೆ. ಪೆಟ್ರೋಲು ಚಿಮ್ಮಿಸುವ ಜೆಟ್ಟಿನ ಕೂದಲೆಳೆಯಷ್ಟು ಸಣ್ಣ ತೂತನ್ನು ಊದಿ ಊದಿ ಬೆಳಕಿಗೆ ಹಿಡಿದ. ಪೆಟ್ರೋಲಿನಲ್ಲಿ ತೇಲುವ ಬುರುಡೆಯನ್ನು ಬಿಸಿನೀರಿನಲ್ಲಿ ಅದುಮಿ ನೋಡಿದ. ಗುಳ್ಳೆ ಬರಲಿಲ್ಲ, ತೂತಿಲ್ಲ. ಮುಚ್ಚಳದ ಅಡಿಯಲ್ಲಿ ಸಂದು ಮುಚ್ಚುವ ಗ್ಯಾಸ್ಕೆಟ್ಟು ಮಾತ್ರ ಚೂರಾಗಿತ್ತು. ಅದಿಲ್ಲದೆ ಪೆಟ್ರೋಲು ಸೋರುತ್ತದೆ. ಮಂಗಳೂರಿನದ್ದಕ್ಕೆ ತೂತುಗಳಿದ್ದದ್ದು ಬೇರೆ ಜಾಗದಲ್ಲಿ.

ಅವನು ಅಟ್ಟದಿಂದ ಅಡಿಕೆ ಸೋಗೆಯ ಬುಡದ ಹಾಳೆಯೊಂದನ್ನು ಇಳಿಸಿದ. ನಮ್ಮಲ್ಲಿ ಸೋರಬಾರದ್ದಕ್ಕೆಲ್ಲ ಹಾಳೆಯೇ. ಮಗುವನ್ನು ಮೀಯಿಸುವುದು ಹಾಳೆಯಲ್ಲಿ, ಮಳೆಗೆ ತಲೆಯ ಮೇಲೆ ಇಡುವ ಮುಟ್ಟಾಳೆ ಹಾಳೆಯದ್ದು. ನೆನೆಸಿ, ಮುಚ್ಚಳದ ಅಚ್ಚಿಗೆ ಕತ್ತರಿಸಿದಾಗ ಎಷ್ಟು ಚಂದ ಕುಳಿತಿತೆಂದರೆ, ಅಮ್ಮ ಕೂಡ ಬಗ್ಗಿ ನೋಡಿ ತಲೆದೂಗಿದರು.

ಬೆಳಿಗ್ಗೆ ಇಂಜಿನ್ ಮೊದಲ ಸಲಕ್ಕೇ ಹಿಡಿಯಿತು. ಒಳ್ಳೆಯ ಸದ್ದು. ಅಮ್ಮ ಮುಂದೆ, ನಾನು ಹಿಂದೆ ಕುಳಿತು ಮೀಂಜಕ್ಕೆ ಹೊರಟೆವು. ಗದ್ದೆಯ ಬದಿ ದಾಟಿ ಮೊದಲ ಏರಿನ ನಡುವೆ ಎರಡು ಸಲ ಬಿಕ್ಕಿ ನಿಂತಿತು. ತಮ್ಮ ಜೆಟ್ಟು ಬಿಚ್ಚಿ ಊದಿದ. ಹೊರಟಿತು. ಮುಂದಿನ ತಿರುವಿನಲ್ಲಿ ಮತ್ತೆ ನಿಂತಿತು. ಮತ್ತೆ ಊದಿದ. ಹಿಂದೆ ಬಿಟ್ಟು ಬಂದಿದ್ದ ಎತ್ತಿನ ಗಾಡಿ ನಮ್ಮನ್ನು ದಾಟಿತು.

“ಎಂತ ಮಾರಾಯ, ಮಿಲಿಟರಿ ಸೋತಿತಾ? ಹಗ್ಗ ಕಟ್ಟಲಾ?” ಎಂದು ಗಾಡಿಯವರು ನಕ್ಕರು. ಅಮ್ಮನ ಮುಖ ಕಂಡದ್ದೇ ನಗು ನಿಲ್ಲಿಸಿ, “ಅಮ್ಮನವರು ಬೇಕಾದರೆ ಗಾಡಿಯಲ್ಲಿ ಬರಲಿ” ಎಂದರು.

“ಬೇಡ, ಇದು ಈಗ ಸರಿಯಾಗ್ತದೆ” ಎಂದ ತಮ್ಮ. ಗಾಡಿ ಏರು ಮುಗಿಸಿ ಮರೆಯಾಯಿತು.

“ಉಸಿರು ಉಂಟಾ ಮಗಾ?” ಎಂದು ಅಮ್ಮ ಕೇಳಿದರು.

“ಉಂಟಮ್ಮ, ಉಂಟು.” ಅವನ ಬಾಯಿಯಲ್ಲಿ ಜೆಟ್ಟು ಇತ್ತು. ಅಮ್ಮ ಕೇಳಿದ್ದು ಮಾವನದ್ದು.

ಹೀಗೆ ನಿಂತು ನಿಂತು ಮಧ್ಯಾಹ್ನವಾದ ಮೇಲೆ ಅವನು ಮುಚ್ಚಳವನ್ನೇ ತೆಗೆದ. ಪೆಟ್ರೋಲಿನೊಳಗೆ ಹಾಳೆಯ ಒಳಮೈಯ ತೆಳುಸಿಪ್ಪೆ ಸುರುಳಿ ಸುರುಳಿಯಾಗಿ ತೇಲುತ್ತಿತ್ತು. ನೀರು ತಾಗಿದರೆ ಮೆತ್ತಗಾಗಿ ಕಚ್ಚಿ ಕೂರುವ ಹಾಳೆ ಪೆಟ್ರೋಲಿಗೆ ಒಣಗಿ ಸಿಪ್ಪೆ ಬಿಟ್ಟಿತ್ತು. ಆ ಚೂರುಗಳೇ ಜೆಟ್ಟನ್ನು ಕಟ್ಟುತ್ತಿದ್ದದ್ದು.

“ಪೆಟ್ರೋಲು ನೀರಲ್ಲ ಅಂತ ಹೊಳೆಯಲೇ ಇಲ್ಲವಲ್ಲ ಅಕ್ಕ” ಎಂದು ಅವನು ಕೆಸರಿನಲ್ಲೇ ಕುಳಿತುಬಿಟ್ಟ. ಆಮೇಲೆ ಜೀಪಿನ ಪುಸ್ತಕದ ರಟ್ಟು ಹರಿದು ಇನ್ನೊಂದು ಗ್ಯಾಸ್ಕೆಟ್ಟು ಮಾಡಿದ. ಕತ್ತರಿಸಲು ಇದ್ದದ್ದು ನನ್ನ ಎಲೆಯಡಿಕೆ ಚೀಲದ ಚೂರಿ. ನಾನು ರಟ್ಟನ್ನು ಹಿಡಿದುಕೊಂಡೆ. ಅಮ್ಮ ಈಗ ದಾರಿಯನ್ನೂ ನೋಡುತ್ತಿರಲಿಲ್ಲ.

ಮೀಂಜ ಮುಟ್ಟುವಾಗ ಸಂಜೆ. ಗದ್ದೆಯಾಚೆ ಹೊಗೆ ಏಳುತ್ತಿತ್ತು. ಮಾವನ ಹೆಂಡತಿ ಅಂಗಳಕ್ಕಿಳಿದು ಬಂದು ಅಮ್ಮನ ಕೈ ಹಿಡಿದರು.

“ಮಧ್ಯಾಹ್ನದವರೆಗೆ ಕಾದರು ಅತ್ತಿಗೆ. ದಾರಿಯಲ್ಲಿ ಎಂತ ಶಬ್ದ ಆದರೂ ಅಕ್ಕ ಬಂದಳಾ ಅಂತ ಕೇಳ್ತಿದ್ದರು. ಮತ್ತೆ ಮಳೆ ಬಂದೀತು ಅಂತ ಊರವರು ಬೇಗ ಚಿತೆಗೆ ತೆಗೆದರು.”

ಜೀಪು ಇನ್ನೂ ಓಡುತ್ತಿತ್ತು. ಕೆಮ್ಮಿಲ್ಲ, ಬಿಕ್ಕಿಲ್ಲ, ಅದು ಅಷ್ಟು ಚೆನ್ನಾಗಿ ಓಡಿದ್ದನ್ನು ನಾನು ಕೇಳಿದ್ದೇ ಇಲ್ಲ.

“ಅದನ್ನೊಮ್ಮೆ ನಿಲ್ಲಿಸು ಮಗಾ” ಎಂದರು ಅಮ್ಮ.

ತಮ್ಮ ಕದಲಲಿಲ್ಲ. ಕೈಗಳು ಸ್ಟಿಯರಿಂಗಿನ ಮೇಲೆಯೇ ಇದ್ದವು. ನಾನು ಹಿಂದಿನಿಂದ ಕೈ ಚಾಚಿ ಸ್ವಿಚ್ಚು ತಿರುಗಿಸಿದೆ.