ಭೂಮಿತಾಯಿಗೊಂದು, ಕಾಲೇಜಿಗೊಂದು

ಮಳೆ ಸಾಹೇಬರನ್ನು ನಾನು ಮೊದಲು ನೋಡಿದಾಗ ಅವರ ಸೈಕಲ್ಲು ಅವರ ಹೆಗಲ ಮೇಲಿತ್ತು. ಎರೆಮಣ್ಣಿನ ಕೆಸರು ಮೆತ್ತಿ ಗಾಲಿ ತಿರುಗದಂತಾದಾಗ, ಕುರ್ತಕೋಟಿ ದಾರಿಯಲ್ಲಿ ಅದನ್ನು ಎತ್ತಿಕೊಂಡು ನಡೆದೇ ಬಂದಿದ್ದರು. ಚಪ್ಪಲಿಗೆ ಹತ್ತಿದ ಮಣ್ಣಿನಿಂದ ಇದ್ದುದಕ್ಕಿಂತ ಎತ್ತರವಾಗಿ ಕಾಣುತ್ತಿದ್ದರು.

“ಏನ್ರಿ, ನೀವು ಸೈಕಲ್ ಮ್ಯಾಲ ಬರ್ತೀರೋ, ಸೈಕಲ್ ನಿಮ್ಮ ಮ್ಯಾಲ ಬರ್ತೈತೋ?” ಎಂದೆ.

“ಇವತ್ತ ಅದರ ಪಾಳಿ ರೀ ಉಸ್ತಾದ್,” ಎಂದು ನಕ್ಕರು.

ಬೆಟಗೇರಿಯಲ್ಲಿ ನನ್ನದು ತಗಡಿನ ಕೆಲಸದ ಅಂಗಡಿ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟು ಅಪ್ಪನ ಪಕ್ಕದಲ್ಲಿ ಕುಳಿತು ಕಲಿತದ್ದು. ನಾನು ಬೆಸೆದ ಡಬ್ಬಿ ಸೋರಿತೆಂದು ಹಿಂದಕ್ಕೆ ತಂದವರಿಲ್ಲ. ಸಾಹೇಬರು ಕೃಷಿ ಕಾಲೇಜಿನವರು. ಅವರಿಗೆ ಮಳೆ ಅಳೆಯುವ ಪಾತ್ರೆಗಳು ಬೇಕಾಗಿದ್ದವು: ಮೇಲೊಂದು ಲಾಳಿಕೆ, ಒಳಗೊಂದು ಬಾಟಲಿ, ಜತೆಗೆ ಗೆರೆ ಹಾಕಿದ ಗಾಜಿನ ಲೋಟ.

“ಗದಗಿನ ಮಳಿ ಮುಂಡರಗಿಗೆ ಇಲ್ಲ, ಶಿರಹಟ್ಟಿದು ಬ್ಯಾರೆನ. ಹವಾಮಾನ ಬದಲಾಗಾಕತ್ತೈತಿ ಅಂತಾರ. ಎಲ್ಲಿ, ಎಷ್ಟು ಬದಲಾತು ಅಂತ ಊರೂರಿಗೆ ಅಳೀಬೇಕು,” ಎಂದರು.

ಮಳೆ ಬಂದರೆ ಬಜಾರಿನ ಜನವೆಲ್ಲ ಅಂಗಡಿಯ ಒಳಗೆ ಓಡುತ್ತಿದ್ದರು. ಇವರು ಹೊರಗೆ ಹೋಗಿ ನಿಲ್ಲುತ್ತಿದ್ದರು. ಯಾರಾದರೂ ಚಹಾ ಕುಡಿಯುತ್ತ “ಈಗ ಮೊದಲಿನಂಗ ಮಳಿ ಇಲ್ಲ ಬಿಡ್ರಿ” ಎಂದರೆ ಸಾಹೇಬರು ತಮ್ಮ ಬಸಿ ಕೆಳಗಿಟ್ಟು, “ಅನಸತೈತಿ ಅನ್ನೂದು ಬ್ಯಾರೆ, ಐತಿ ಅನ್ನೂದು ಬ್ಯಾರೆ,” ಎನ್ನುತ್ತಿದ್ದರು. ಈ ಮಾತು ಕೇಳಿ ಕೇಳಿ ನನಗೂ ಬಾಯಿಪಾಠವಾಗಿತ್ತು.

ಊರಿಗೊಬ್ಬರಿಗೆ ಪಾತ್ರೆ ಒಪ್ಪಿಸಿ ಕೆಲವು ವರ್ಷ ಅಳೆಸಿದ ಮೇಲೆ ಅವರಿಗೆ ಒಂದು ಸಂಗತಿ ಕಂಡಿತು. ಮುಂಡರಗಿ ಕಡೆಯ ಹಿರೇವಡ್ಡಟ್ಟಿಯಲ್ಲಿ ದೊಡ್ಡ ಮಳೆಗಳು ಬೀಳುತ್ತಿವೆ, ಆದರೆ ನಡುನಡುವೆ ಬರುವ ಸಣ್ಣ ಮಳೆಗಳು ಇಲ್ಲವೇ ಇಲ್ಲ. ಸಣ್ಣ ಮಳೆ ಇಲ್ಲದೆ ಮುಂಗಾರಿನ ಹೆಸರು ಬೆಳೆ ನಿಲ್ಲುವುದಿಲ್ಲ. ಇದನ್ನೇ ಆಧಾರ ಮಾಡಿ ಅವರು ಡಾಕ್ಟರೇಟಿಗೆ ದೊಡ್ಡ ಪ್ರಬಂಧ ಬರೆದರು. ಆ ಭಾಗದಲ್ಲಿ ಹೆಸರು ಬಿತ್ತುವುದನ್ನೇ ಬಿಡಿಸಬೇಕೆಂದು ಅವರ ಮೇಲಿನವರು ಮಾತಾಡತೊಡಗಿದರು. ಪ್ರಬಂಧ ಒಪ್ಪಿಸುವ ಮುಂಚೆ ಸಾಹೇಬರಿಗೆ ಕಡೆಯದೊಂದು ಸಂಶಯ ಬಂತು.

“ಉಸ್ತಾದ್, ಆ ಊರಿನ ಪಾತ್ರಿ ಸೋರತೈತೇನು?”

ನನಗೆ ಮೈಯೆಲ್ಲ ಉರಿಯಿತು. “ನನ್ನ ಬೆಸಿಗಿ ಸೋರೂದಾ? ನಡೀರಿ, ನಿಮ್ಮ ಕಣ್ಮುಂದನ ನೋಡೂಣು!” ಎಂದು ಬೆಳಗಿನ ಬಸ್ಸು ಹತ್ತಿಸಿಕೊಂಡು ಹೋದೆ.

ಆ ಊರಿನಲ್ಲಿ ಮಳೆ ಅಳೆಯುತ್ತಿದ್ದವನು ಒಬ್ಬ ಅಜ್ಜ. ಕಣದಲ್ಲಿ ಜೋಳದ ರಾಶಿ ಅಳೆಯಲು ಊರವರೆಲ್ಲ ಕರೆಯುತ್ತಿದ್ದುದು ಅವನನ್ನೇ. ಅಳತೆಯಲ್ಲಿ ಅವನ ಕೈ ತಪ್ಪಿದ್ದಿಲ್ಲವೆಂದೇ ಈ ಕೆಲಸವನ್ನೂ ಅವನಿಗೆ ಒಪ್ಪಿಸಿದ್ದರು. ಹಿಂದಿನ ದಿನ ಮಳೆಯಾಗಿತ್ತು. ಅಜ್ಜ ಚಪ್ಪಲಿ ಬಿಟ್ಟು ಬಂದು ಬಾಟಲಿ ತೆಗೆದ. ಮೊದಲ ಲೋಟ ತುಂಬಿ, ಕಣ್ಣಿಗೆ ಒತ್ತಿಕೊಂಡು, ಬೇವಿನ ಬುಡಕ್ಕೆ ಸುರಿದ. ಮುಂದಿನದನ್ನು ತುಂಬಿ “ಲಾಭ” ಎಂದು ಎಣಿಕೆ ಶುರು ಮಾಡಿದ. ಕಣದಲ್ಲಿ ಒಂದು ಎನ್ನುವ ರೂಢಿಯಿಲ್ಲ, ಲಾಭ ಎಂದೇ ಎಣಿಸುತ್ತಾರೆ.

ಸಾಹೇಬರು ಒದ್ದೆಯಾದ ಬೇವಿನ ಬುಡ ನೋಡಿದರು. “ಅಜ್ಜಾ, ಮೊದಲಿಂದ ಹಿಂಗನ ಮಾಡ್ತೀರೇನ್ರಿ?”

“ಮತ್ತ! ಮೊದಲ್ನೇ ಅಳತಿ ಭೂಮಿತಾಯಿದು. ಆಕಿದು ಆಕಿಗೆ ಕೊಡದ ಎಣಿಸಿದ್ರ ಉಂಡದ್ದು ದಕ್ಕೀತೇನ್ರಿ?”

“ಒಂದ ಲೋಟ ತುಂಬದಷ್ಟ ಮಳಿ ಬಂದ್ರ?”

“ಇದ್ದಷ್ಟೂ ಆಕಿಗೆ. ನಿಮಗೇನೂ ಇಲ್ಲ ಅಂತ ಬರಸ್ತೀನಿ.”

ಕಾಣೆಯಾಗಿದ್ದ ಸಣ್ಣ ಮಳೆಗಳೆಲ್ಲ ಆ ಬೇವಿನ ಬುಡದಲ್ಲಿದ್ದವು. ಸಾಹೇಬರು ಅಜ್ಜನಿಗೆ ಒಂದು ಬಿರುಸು ಮಾತೂ ಆಡಲಿಲ್ಲ. ಬಸ್ಸಿನಲ್ಲಿ ಕುಳಿತ ಮೇಲೆ ಮೊದಲು ಹೇಳಿದ್ದು, “ನಿಮ್ಮ ಬೆಸಿಗಿ ಮ್ಯಾಲ ಸಂಶಯ ಪಟ್ಟೆ. ತಪ್ಪಾತ್ರಿ ಉಸ್ತಾದ್.” ಅಷ್ಟು ಓದಿದವರೊಬ್ಬರು ನನಗೆ ತಪ್ಪಾತು ಎಂದದ್ದು ಅದೇ ಮೊದಲು.

ನನಗೆ ಅವರ ಮೇಲೆ ಕನಿಕರ ಬಂತು. “ಒಂದೊಂದು ಲೋಟ ಕೂಡಿಸಿ ಬರಕೊಳ್ರಿ. ಅಜ್ಜ ಹೇಳಂಗಿಲ್ಲ, ನಾ ಅಂತೂ ಹೇಳಂಗಿಲ್ಲ,” ಎಂದೆ.

“ಲೋಟ ತುಂಬದ ಮಳಿ ಎಷ್ಟಿತ್ತು ಅಂತ ಯಾರಿಗೆ ಗೊತ್ತು? ನಾ ಕೂಡಿಸಿದ್ರ ಅದು ಮಳಿ ಅಲ್ಲ, ನನ್ನ ಬುದ್ಧಿ. ಇಂಥಾ ಲೆಕ್ಕಾ ನಂಬಿನ ಈ ಊರಾಗ ಹೆಸರು ಬಿತ್ತೂದು ಬಿಡಸಾಕ ಹೊಂಟಾರ.”

ಸಾಹೇಬರು ಆ ಪ್ರಬಂಧವನ್ನು ಒಪ್ಪಿಸಲೇ ಇಲ್ಲ. ಮೇಲಿನವರು ಬೈದರು. ಸಾಹೇಬರಿಗಿಂತ ಕಿರಿಯರು ಮೇಲಿನ ಕುರ್ಚಿಗೆ ಹೋದರು. ಇವರು ಮತ್ತೆ ನನ್ನ ಅಂಗಡಿಗೆ ಬಂದು, ಹಿರೇವಡ್ಡಟ್ಟಿಗೆ ಇನ್ನೊಂದು ಪಾತ್ರೆ ಮಾಡಿಕೊಡಿ ಎಂದರು. “ಭೂಮಿತಾಯಿಗೊಂದು, ಕಾಲೇಜಿಗೊಂದು. ಅಜ್ಜನ ಧರ್ಮಾನೂ ಉಳೀಲಿ, ನನ್ನದೂ ಉಳೀಲಿ.” ಅಜ್ಜ ಇದಕ್ಕೆ ಸಂತೋಷದಿಂದ ಒಪ್ಪಿದ. ಅಂದಿನಿಂದ ಲೆಕ್ಕದಲ್ಲಿ ಸಣ್ಣ ಮಳೆಗಳು ಕಾಣಿಸಿಕೊಂಡವು. ಡಾಕ್ಟರೇಟು ಸಿಗುವ ಹೊತ್ತಿಗೆ ಸಾಹೇಬರ ತಲೆ ನೆರೆತಿತ್ತು.

“ಕಡೀಕ ಏನ್ ತಿಳೀತ್ರಿ? ಮಳಿ ಬದಲಾಗೈತೇನು?” ಎಂದು ಕೇಳಿದ್ದೆ.

“ಬದಲಾಗಾಕತ್ತೈತಿ ಅನಸತೈತಿ. ಐತಿ ಅನ್ನಾಕ ಇನ್ನೂ ಬಾಳ ವರ್ಷ ಅಳೀಬೇಕು. ನಾ ಅಷ್ಟ ದಿನ ಇರಂಗಿಲ್ಲ.”

ಇರಲಿಲ್ಲ. ಅವರು ತೀರಿಕೊಂಡ ಖಬರು ಬಂದಾಗ ಮುಂಗಾರು ಶುರುವಾಗಿತ್ತು. ಹಣ್ಣು ಹಣ್ಣಾಗಿದ್ದ ಅಜ್ಜನಿಗೆ ತಿಳಿಸಲೆಂದು ಹಿರೇವಡ್ಡಟ್ಟಿಗೆ ಹೋದೆ. ರಸ್ತೆಯ ಎರಡೂ ಬದಿಗೆ ಹೆಸರು ಆಗಷ್ಟೇ ಎಲೆ ಬಿಟ್ಟಿತ್ತು. ಇದನ್ನು ಬಿತ್ತಬೇಡಿ ಎಂದು ಆ ಊರಿಗೆ ಯಾರೂ ಬಂದು ಹೇಳಿರಲಿಲ್ಲ. ಯಾಕೆ ಬರಲಿಲ್ಲವೆಂದು ಹೊಲದಲ್ಲಿದ್ದವರಿಗೆ ಗೊತ್ತಿರುವಂತಿಲ್ಲ. ಗೊತ್ತಿದ್ದವನು ನಾನೊಬ್ಬ. ಅದಕ್ಕೇ ಇದನ್ನು ಬರೆದೆ.