ಡಾರ್ಕ್ ರೂಮಿನಲ್ಲಿ ಮೊಟ್ಟೆ ನೋಡಿದ್ದು

ನಾನು ಓದು ನಿಲ್ಲಿಸಿದ್ದು 2001ರಲ್ಲಿ, ಒಂಬತ್ತನೇ ಕ್ಲಾಸಿನ ಅರ್ಧಕ್ಕೆ. ಅಂದಿನಿಂದ ವೆಲ್ಡಿಂಗ್ ಬಿಟ್ಟು ಬೇರೆ ಕೆಲಸ ಮಾಡಿದವನಲ್ಲ. ಕೊಪ್ಪದ ಸುತ್ತಮುತ್ತ ನಾನು ಕೂರಿಸಿದ ಗೇಟುಗಳಲ್ಲಿ ಒಂದೂ ಜೋತು ಬಿದ್ದಿಲ್ಲ. ಮೊನ್ನೆ ಹಳೇ ಟೂಲ್ ಪೆಟ್ಟಿಗೆ ಮಗುಚಿ ಹಾಕಿದಾಗ ಫಿಲ್ಮ್ ರೋಲಿನ ಕಪ್ಪು ಡಬ್ಬಿಯೊಂದು ಉರುಳಿತು. ತಳದಲ್ಲಿ ಬಟಾಣಿ ಗಾತ್ರದ ತೂತು. ಎತ್ತಿ ಮೂಗಿಗೆ ಹಿಡಿದೆ. ಫೋಟೋ ತೊಳೆಯುವ ರಸಾಯನದ ಆ ಹುಳಿ ವಾಸನೆ ಇನ್ನೂ ಇತ್ತೋ, ನನಗೇ ಹಾಗನ್ನಿಸಿತೋ... ಸ್ಟುಡಿಯೋ ಅಣ್ಣ ನೆನಪಾದರು.

ಪೇಟೆಯಲ್ಲಿ ಅವರದೊಂದು ಫೋಟೋ ಸ್ಟುಡಿಯೋ ಇತ್ತು. ಡಿಜಿಟಲ್ ಕ್ಯಾಮೆರಾ ಬಂದ ಮೇಲೆ ಡಾರ್ಕ್ ರೂಮಿಗೆ ಕೆಲಸ ತಪ್ಪಿತು. ಆಗ ಅವರು ಹಿಂದಿನ ಜಗಲಿಯಲ್ಲಿ ಒಂದು ಜೊತೆ ಲವ್ ಬರ್ಡ್ಸ್ ಸಾಕಿದರು. ನಿಜವಾದ ಹೆಸರು ಬಡ್ಜಿ ಎಂದು ನನಗೆ ಹೇಳಿದವರೂ ಅವರೇ. ನೀಲಿ ಗಂಡು, ಹಳದಿ ಹೆಣ್ಣು, ಮೊಟ್ಟೆ ಇಡಲು ಒಂದು ಮಣ್ಣಿನ ಮಡಕೆ.

ಒಮ್ಮೆ ಗೂಡಿನ ಬಾಗಿಲು ಬಿಟ್ಟುಕೊಂಡಿತು. ನಾನು ಅದನ್ನು ಶಾಪಿಗೆ ಒಯ್ದು ಬೆಸುಗೆ ಹಾಕಿ ತಂದು ಕೂರಿಸಿದೆ. ಅಷ್ಟರಲ್ಲಿ ಅವರು ಮಡಕೆಯಿಂದ ನಾಲ್ಕು ಮೊಟ್ಟೆ ತೆಗೆದು, ಹತ್ತಿಯ ಮೇಲಿಟ್ಟುಕೊಂಡು ಡಾರ್ಕ್ ರೂಮಿಗೆ ನಡೆದರು. ಏನು ಮಾಡುತ್ತಾರೋ ನೋಡೋಣವೆಂದು ನಾನೂ ಹಿಂದೆಯೇ ಹೋದೆ.

ಹೆಬ್ಬೆರಳಿನ ಉಗುರಿನಷ್ಟು ಮೊಟ್ಟೆಗಳು. ನೆಗೆಟಿವ್ ತಿದ್ದುವ ಚೂಪು ಪೆನ್ಸಿಲಿನಲ್ಲಿ ಒಂದೊಂದರ ಮೇಲೂ ಇಟ್ಟ ದಿನ ಬರೆದಿದ್ದರು. ಟಾರ್ಚಿನ ಬಾಯಿಗೆ ಆ ಡಬ್ಬಿ ಸಿಕ್ಕಿಸಿ, ತೂತಿನ ಮೇಲೆ ಮೊಟ್ಟೆ ಇಟ್ಟು ಬೆಳಕು ಬಿಟ್ಟರು.

“ಬರೀ ನೀರು ಮಾರಾಯ, ಮರಿ ಕಟ್ಟಿಲ್ಲ. ಇದೂ ಅಷ್ಟೆ. ಇದೂ...” ಎಂದರು. “ಎರಡು ಸಲ ಹೀಗೇ ಆಗಿ ಎಲ್ಲಾ ಎಸೆದೆ. ಈ ಗಂಡು ದಂಡ. ನಾಡಿದ್ದು ಎನ್.ಆರ್.ಪುರದವರೊಬ್ಬರು ಬರ್ತಾರೆ, ಕೊಟ್ಟು ಕಳಿಸ್ತೀನಿ.”

“ತಡೀರಿ ಅಣ್ಣ, ನಂಗೂ ಒಂಚೂರು ತೋರಿಸಿ.”

ಮೊಟ್ಟೆ ಕಿತ್ತಳೆ ತೊಳೆಯಂತೆ ಹೊಳೆಯುತ್ತಿತ್ತು. ಒಳಗೆ ಒಂದು ಕೆಂಪು ಚುಕ್ಕೆ. ಅದರಿಂದ ಹೊರಟ ಕೂದಲೆಳೆಯಂಥ ಕೆಂಪು ದಾರಗಳು. ಚುಕ್ಕೆ ಮಿಡಿಯುತ್ತಿತ್ತು. ಅಷ್ಟು ಸಣ್ಣದನ್ನು ಅಷ್ಟು ಅಚ್ಚುಕಟ್ಟಾಗಿ ಜೋಡಿಸಿದ್ದು ಹೇಗೆ ಎಂದು ಈಗಲೂ ಯೋಚಿಸುತ್ತೇನೆ. ಮೂರರಲ್ಲಿ ದಾರ ಕಂಡಿತು. ಕಡೆಯದರಲ್ಲಿ ಏನೂ ಇರಲಿಲ್ಲ.

“ಮೂರರಲ್ಲಿ ಜೀವ ಇದೆ ಅಣ್ಣ!”

“ವೆಲ್ಡಿಂಗ್ ಕಿಡಿ ನೋಡಿ ನೋಡಿ ನಿನ್ನ ಕಣ್ಣೇ ಕೆಂಪಾಗಿದೆ. ನಿಂಗೆ ಮೊಟ್ಟೆನೂ ಕೆಂಪು ಕಾಣ್ತದೆ. ಮೂವತ್ತು ವರ್ಷ ನೆಗೆಟಿವ್ ನೋಡಿದ ಕಣ್ಣು ಮಾರಾಯ ಇದು.”

ನನಗೆ ಚುರುಕ್ಕೆಂದಿತು. “ಓದದೇ ಇದ್ರೂ ಕಣ್ಣು ಸರಿಯಾಗಿದೆ. ಮೊದಲನೇದು ಇಟ್ಟು ಒಂಬತ್ತು ದಿನ ಆಯ್ತಲ್ಲ, ಒಡೆಯೋದಕ್ಕೆ ಎಷ್ಟು ಬೇಕು?”

“ಹದಿನೆಂಟು.”

“ಇನ್ನೊಂಬತ್ತು ದಿನ ತಡೀರಿ. ಮರಿ ಬರದಿದ್ರೆ ಈ ಗಂಡನ್ನ ನಾನೇ ಎನ್.ಆರ್.ಪುರಕ್ಕೆ ಮುಟ್ಟಿಸಿ ಬರ್ತೀನಿ. ಕಡೆಯದೊಂದು ಖಾಲಿ, ಅದನ್ನ ಬೇಕಾದ್ರೆ ಎಸೀರಿ.”

“ಇಷ್ಟು ಕಾಯೋದಾದ್ರೆ ಅದೂ ಇರಲಿ ಬಿಡು” ಎಂದು ನಾಲ್ಕನ್ನೂ ಮಡಕೆಗೆ ಹಾಕಿದರು.

ಹತ್ತನೇ ದಿನ ಫೋನ್ ಬಂತು. “ಬಾ ಮಾರಾಯ, ಮಡಕೆಯೊಳಗೆ ಕೂಗ್ತಾ ಇದೆ.” ಹಿಡಿದಿದ್ದ ಕೆಲಸ ಬಿಟ್ಟು ಓಡಿದೆ. ಶೇಂಗಾ ಬೀಜದಷ್ಟು, ಕೆಂಪಗೆ, ಕಣ್ಣು ಮುಚ್ಚಿಕೊಂಡ ಮರಿ. ನಾನು ಗೆದ್ದ ಖುಷಿಯಲ್ಲಿದ್ದೆ. ಅವರು ಸ್ಟೂಲಿನ ಮೇಲೆ ಕೂತು ಕನ್ನಡಕ ಒರೆಸುತ್ತಿದ್ದರು. ಒರೆಸಿದ್ದನ್ನೇ ಮತ್ತೆ ಒರೆಸಿದರು.

“ಹಾಗಾದ್ರೆ ಮೊದಲು ಎಸೆದದ್ದೆಲ್ಲ...”

ನಾನು ಗೂಡಿನ ಚಿಲಕ ತಿರುವುತ್ತಾ ನಿಂತೆ. ಆ ವರ್ಷ ಮದುವೆ ಫೋಟೋ ಮಸುಕೆಂದು ಒಂದಿಬ್ಬರು ಜಗಳವಾಡಿದ್ದರು. ಅದೂ ಅವರಿಗೆ ಆಗಲೇ ನೆನಪಾಗಿರಬೇಕು.

ದಿನ ಬಿಟ್ಟು ದಿನ ಇನ್ನೆರಡು ಮರಿಯಾದವು. ಕೊನೆಗೆ ನಾನು ಖಾಲಿ ಎಂದಿದ್ದ ನಾಲ್ಕನೆಯದೂ ಒಡೆಯಿತು. ಡಾರ್ಕ್ ರೂಮಿನಲ್ಲಿ ನೋಡಿದಾಗ ಅದನ್ನು ಇಟ್ಟು ಮೂರೇ ದಿನವಾಗಿತ್ತು, ದಾರ ಕಾಣಲು ಇನ್ನೂ ಹೊತ್ತಿತ್ತು. ತಾರೀಕು ಮೊಟ್ಟೆಯ ಮೇಲೇ ಇತ್ತು, ನಾನು ಲೆಕ್ಕ ಹಾಕಿರಲಿಲ್ಲ. ಅವರು ನನ್ನನ್ನು ಆಡಿಕೊಳ್ಳಲಿಲ್ಲ. ಆಡಿಕೊಂಡಿದ್ದರೆ ಚೆನ್ನಾಗಿತ್ತು.

ಶಿವಮೊಗ್ಗಕ್ಕೆ ಹೋಗಿ ಕಣ್ಣಿನ ಪೊರೆ ತೆಗೆಸಿಕೊಂಡು ಬಂದರು. ಆಮೇಲೂ ಮೊಟ್ಟೆ ನನ್ನ ಕೈಗೇ ಕೊಡುತ್ತಿದ್ದರು. “ನೀನೇ ನೋಡಿ ಹೇಳು” ಎನ್ನುತ್ತಿದ್ದರು. ಕಾಣಿಸದ್ದಕ್ಕೋ, ಧೈರ್ಯ ಸಾಲದ್ದಕ್ಕೋ, ನಾನು ಕೇಳಲಿಲ್ಲ. ಎರಡು ಮರಿಯನ್ನೂ ಆ ಡಬ್ಬಿಯನ್ನೂ ನನಗೆ ಕೊಟ್ಟರು.

ಅವರು ತೀರಿಹೋಗಿ ನಾಲ್ಕು ವರ್ಷವಾಯಿತು. ಸ್ಟುಡಿಯೋ ಇದ್ದಲ್ಲಿ ಈಗ ಮೊಬೈಲ್ ಅಂಗಡಿ. ಡಬ್ಬಿ ಸಿಕ್ಕಿದ ದಿನ ಅದರಲ್ಲೇ ನನ್ನ ಹಕ್ಕಿಗಳ ಮೊಟ್ಟೆ ನೋಡಿದೆ. ಪಕ್ಕದಿಂದ ಮಾತನಾಡುವವರು ಇರಲಿಲ್ಲ.

ಈಗ ನನ್ನ ಹತ್ತಿರ ಹನ್ನೊಂದು ಜೊತೆ ಹಕ್ಕಿ, ಒಂಬತ್ತು ಮರಿ, ಆರು ಮೊಟ್ಟೆ ಇವೆ. ನಾಲ್ಕರಲ್ಲಿ ಕೆಂಪು ದಾರ ಕಂಡಿದೆ. ಎರಡರಲ್ಲಿ ಏನೂ ಕಾಣುವುದಿಲ್ಲ. ಎಸೆದಿಲ್ಲ.