ಗಾಜಿನ ಲಿಫ್ಟಿನ ಪಕ್ಕದ ಬಾಲ್ಕನಿ

ಬ್ಯಾಂಕಿನ ತಪಾಸಣೆಗೆಂದು ನಾಸಿಕಕ್ಕೆ ಹೋದಾಗ ಹೋಟೆಲಿನವರು ನನಗೆ ಮೂರನೇ ಮಹಡಿಯ ಬಾಲ್ಕನಿ ಕೋಣೆ ಕೊಟ್ಟಿದ್ದರು. ಬೆಳಿಗ್ಗೆ ತಲೆಸ್ನಾನ ಮುಗಿಸಿ, ನೈಟಿಯಲ್ಲೇ ಬಾಲ್ಕನಿಗೆ ಬಂದು ಕೂದಲು ಕೊಡವುತ್ತಿದ್ದೆ. ಪಕ್ಕದ ಗೋಡೆಗುಂಟ ಗಾಜಿನ ಲಿಫ್ಟೊಂದು ಮೆಲ್ಲಗೆ ಏರಿ ಬಂತು. ಒಳಗಿದ್ದ ಐದಾರು ಜನ ನನ್ನನ್ನೇ ನೋಡುತ್ತಿದ್ದರು. ಅವರಲ್ಲಿ ಒಬ್ಬ ಅಜ್ಜ ಕೈಮುಗಿದರು; ಗಾಬರಿಯಲ್ಲಿ ನಾನೂ ಕೈಮುಗಿದೆ.

ಆಮೇಲೆ ನಾಚಿಕೆಗಿಂತ ಸಿಟ್ಟೇ ಹೆಚ್ಚು ಬಂತು. ಇನ್ನೂ ನಾಲ್ಕು ದಿನ ಅದೇ ಕೋಣೆಯಲ್ಲಿರಬೇಕಿತ್ತು. ಸೀರೆ ಉಟ್ಟು ಕೆಳಗಿಳಿದು ದೂರು ಹೇಳಿದೆ. ಹೋಟೆಲಿನ ಮ್ಯಾನೇಜರು ಬೀದರ ಕಡೆಯವರು.

"ಲಿಫ್ಟಿನ್ಯಾಗಿದ್ದವರು ಊರು ನೋಡ್ತಾರ್ರಿ ಮೇಡಂ, ನಿಮ್ಮನ್ಯಾರು ನೋಡ್ತಾರ?" ಎಂದು ನಕ್ಕರು.

"ಹಂಗಾದ್ರ ಬರ್ರಿ, ನಾವೂ ಊರು ನೋಡೋಣು," ಎಂದು ಅವರನ್ನು ಲಿಫ್ಟು ಹತ್ತಿಸಿದೆ.

ಎರಡನೇ ಮಹಡಿಯ ಬಾಲ್ಕನಿಯಲ್ಲಿ ದಪ್ಪನೆಯ ಹಿರಿಯರೊಬ್ಬರು ಬರೀ ಟವೆಲ್ ಸುತ್ತಿಕೊಂಡು ಮೈಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. ನಮ್ಮನ್ನು ಕಂಡವರೇ ಕುರ್ಚಿಯ ಹಿಂದೆ ಅಡಗಿ ಕೂತರು.

"ಯಾರ್ರೀ ಅವರು?" ಎಂದೆ.

"ನಮ್ಮ ಮಾಲಕರು," ಎಂದರು ಮ್ಯಾನೇಜರು, ಗಾಜಿಗೆ ಬೆನ್ನು ತಿರುಗಿಸಿ.

ಸಂಜೆ ನಾನು ಬ್ಯಾಂಕಿನಿಂದ ಮರಳುವಷ್ಟರಲ್ಲಿ ಎಲ್ಲ ಬಾಲ್ಕನಿಗಳಿಗೂ ಬಿದಿರಿನ ಪರದೆ ಬಿದ್ದಿತ್ತು. ಮಾಲಕರ ಬಾಲ್ಕನಿಗೆ ಮಾತ್ರ ಎರಡು.